ತೆಳು ತಗಡಿನ ಗ್ಯಾಪಿಗೆ ಮಿಗ್ ವೆಲ್ಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ನಮ್ಮದೊಂದು ಟಿಂಕರಿಂಗ್ ಶೆಡ್. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೆದ್ದಾರಿ 66. ಮೀನಿನ ಟೆಂಪೋದ ತಳ, ವ್ಯಾನಿನ ಬಾಗಿಲ ಕೆಳಗಿನ ಪಟ್ಟಿ, ಬೋಟಿನ ಕ್ಯಾಬಿನ್ನಿನ ಶೀಟು, ಹೀಗೆ ಉಪ್ಪು ಗಾಳಿ ತಿಂದು ಹಾಕಿದ ತಗಡೇ ನಮ್ಮಲ್ಲಿಗೆ ಹೆಚ್ಚು ಬರುತ್ತದೆ. ಹೊಸದಾಗಿ ಮಿಷನ್ ತಗೊಂಡ ಹುಡುಗರು ಅಂಕೋಲಾ, ಕುಮಟಾ, ಶಿರಸಿಯಿಂದಲೂ ಫೋನ್ ಮಾಡಿ ಕೇಳುವುದು ಸುತ್ತಿ ಬಳಸಿ ಒಂದೇ ವಿಷಯ: ಗ್ಯಾಪು ತುಂಬಲು ಹೋದರೆ ತೂತು ದೊಡ್ಡದಾಗುತ್ತಿದೆ, ಏನು ಮಾಡಲಿ? ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮಿಗ್ ಅಂದರೆ ಟಾರ್ಚಿನ ತುದಿಯ ಟಿಪ್ಪಿನಿಂದ ವೈರ್ ತಾನಾಗಿ ಹೊರಬಂದು, ಕಿಡಿಯಲ್ಲಿ ಕರಗಿ ಬೆಸೆಯುವ ಮಿಷನ್. ಜೊತೆಗೆ ಹರಿಯುವ ಗ್ಯಾಸ್ ಕರಗಿದ ಲೋಹಕ್ಕೆ ಗಾಳಿ ತಗುಲದ ಹಾಗೆ ಕಾಯುತ್ತದೆ.

ತೆಳು ತಗಡು ಅಂದರೆ ಎಷ್ಟು ದಪ್ಪ?

ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಕೊಡುತ್ತಾರೆ. 16 ಗೇಜ್ ಅಂದರೆ ಸುಮಾರು 1.6 ಮಿಲಿಮೀಟರ್, 18 ಗೇಜ್ 1.2, 20 ಗೇಜ್ 0.9, 22 ಗೇಜ್ 0.7. ಗಾಡಿಯ ಹೊರಮೈ ತಗಡು ಸಾಮಾನ್ಯವಾಗಿ 0.7ರಿಂದ 0.9ರ ಒಳಗೆ ಇರುತ್ತದೆ. ಈ ಪುಟದಲ್ಲಿ ಹೇಳುವುದೆಲ್ಲ 1.6ಕ್ಕಿಂತ ಕೆಳಗಿನ ಕಬ್ಬಿಣದ ಶೀಟಿಗೆ.

ಆದರೆ ನಮ್ಮ ಕರಾವಳಿಯಲ್ಲಿ ಗೇಜನ್ನು ನಂಬಿ ಮಿಷನ್ ಸೆಟ್ ಮಾಡಬೇಡಿ. ಹೊಸದಿದ್ದಾಗ 1 ಮಿಲಿಮೀಟರ್ ಇದ್ದ ತಗಡು ಹತ್ತು ಮಳೆಗಾಲ ಕಂಡ ಮೇಲೆ ಅರ್ಧಕ್ಕೆ ಇಳಿದಿರುತ್ತದೆ. ಮೇಲೆ ಬಣ್ಣ ಇರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಹಳೆ ಸ್ಕ್ರೂಡ್ರೈವರ್ ತಗೊಂಡು ಒತ್ತಿ ನೋಡಿ. ಕಟಕಟ ಸದ್ದು ಬಂದರೆ ತಗಡು ಗಟ್ಟಿ ಇದೆ. ಮೆತ್ತಗೆ ಒಳಗೆ ಹೋದರೆ ಆ ಜಾಗ ವೆಲ್ಡಿಂಗಿಗೆ ಇಲ್ಲ, ಕತ್ತರಿಸುವುದಕ್ಕೆ.

ಗ್ಯಾಪಿನ ಮೇಲೆ ಟಾರ್ಚ್ ಹಿಡಿದ ಕೂಡಲೇ ತೂತು ಬೀಳುವುದು ಯಾಕೆ?

ತಗಡಿನ ನಡುವೆ ಕಿಡಿ ತಗುಲಿದರೆ ಕಾವು ಸುತ್ತಲೂ ಹರಿದು ಹೋಗುತ್ತದೆ. ಅಂಚಿಗೆ ತಗುಲಿದರೆ ಅದಕ್ಕೆ ಹೋಗಲು ಒಂದೇ ದಿಕ್ಕು. ಅದಕ್ಕೇ ಅಂಚು ಎಲ್ಲಕ್ಕಿಂತ ಮೊದಲು ಕರಗುತ್ತದೆ.

ಕರಗಿದ ಕಬ್ಬಿಣಕ್ಕೂ ನೀರಿನ ಗುಣವೇ. ಕೆಸುವಿನ ಎಲೆಯ ಮೇಲೆ ಮಳೆಹನಿ ಹೇಗೆ ಹರಡದೆ ಗುಂಡಾಗಿ ನಿಲ್ಲುತ್ತದೋ ಹಾಗೆ ಕರಗಿದ ಲೋಹವೂ ತನ್ನೊಳಗೇ ಗುಂಡಾಗಲು ನೋಡುತ್ತದೆ. ಗ್ಯಾಪು ಚಿಕ್ಕದಿದ್ದರೆ ಎರಡೂ ಅಂಚಿನ ಹನಿಗಳು ಒಂದನ್ನೊಂದು ಮುಟ್ಟಿ ಕೂಡಿಕೊಳ್ಳುತ್ತವೆ. ದೊಡ್ಡದಿದ್ದರೆ ಮುಟ್ಟುವುದಿಲ್ಲ, ತಂತಮ್ಮ ಅಂಚಿಗೆ ಹಿಂದೆ ಸರಿಯುತ್ತವೆ. ಸರಿದಷ್ಟೂ ಗ್ಯಾಪು ಅಗಲ. ಆಗ ಗಾಬರಿಯಿಂದ ಟ್ರಿಗರ್ ಒತ್ತಿ ಹಿಡಿದರೆ ಒಂದು ರೂಪಾಯಿ ನಾಣ್ಯದಷ್ಟು ತೂತು ಆಗುವುದಕ್ಕೆ ಎರಡು ಸೆಕೆಂಡ್ ಸಾಕು.

ಅಣ್ಣಾ, ಎಷ್ಟು ದೊಡ್ಡ ಗ್ಯಾಪು ತುಂಬಬಹುದು?

ತಗಡಿನ ದಪ್ಪದಷ್ಟು. 1 ಮಿಲಿಮೀಟರ್ ಶೀಟಿಗೆ 1 ಮಿಲಿಮೀಟರ್ ಗ್ಯಾಪು ಇದ್ದರೆ ಚಿಂತೆ ಬೇಡ. ನಿಜ ಹೇಳಬೇಕೆಂದರೆ ಸ್ವಲ್ಪ ಗ್ಯಾಪು ಇರುವುದೇ ಒಳ್ಳೆಯದು, ಬೆಸುಗೆ ಹಿಂಬದಿವರೆಗೆ ಇಳಿಯುತ್ತದೆ. 2ರವರೆಗೆ ಹಿಂದೆ ತಾಮ್ರ ಇಟ್ಟು, ಚುಕ್ಕಿ ಚುಕ್ಕಿಯಾಗಿ ತುಂಬಬಹುದು. 3 ದಾಟಿದರೆ ಕೈ ಪಳಗಿದವರಿಗೂ ಅದು ಸಮಯ ತಿನ್ನುವ ಕೆಲಸ, ತಗಡಿಗೂ ವಿಪರೀತ ಕಾವು. ಅಲ್ಲಿಂದ ಮೇಲೆ ಪಟ್ಟಿ ಕತ್ತರಿಸಿ ಕೂರಿಸಿ.

ಮಿಷನ್ ಸೆಟ್ಟಿಂಗ್ ಎಷ್ಟಿಡಬೇಕು?

ಅಂದಾಜು ಲೆಕ್ಕ: ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್. 0.8 ಮಿಲಿಮೀಟರ್ ದಪ್ಪದ ವೈರ್ ಹಾಕಿದ್ದರೆ 1 ಮಿಲಿಮೀಟರ್ ಶೀಟಿಗೆ 15 ವೋಲ್ಟಿನ ಆಸುಪಾಸು, ವೈರ್ ನಿಮಿಷಕ್ಕೆ ಎರಡೂವರೆಯಿಂದ ಮೂರು ಮೀಟರ್. ಇದು ಶುರು ಮಾಡಲಿಕ್ಕೆ ಮಾತ್ರ. ಒಂದೊಂದು ಮಿಷನ್ನಿನ ಮೀಟರ್ ಒಂದೊಂದು ತೋರಿಸುತ್ತದೆ.

ನಾನು ಕಿವಿಯಿಂದ ಹೊಂದಿಸುತ್ತೇನೆ. ಸರಿ ಇದ್ದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಒಂದೇ ಸಮನೆ ಚಟಪಟ ಸದ್ದು ಬರುತ್ತದೆ. ವೈರ್ ಶೀಟಿಗೆ ಗುದ್ದಿ ಟಾರ್ಚನ್ನು ಹಿಂದೆ ತಳ್ಳಿದರೆ ವೈರ್ ವೇಗ ಜಾಸ್ತಿ. ವೈರಿನ ತುದಿಯಲ್ಲಿ ದೊಡ್ಡ ಗುಂಡು ಕಟ್ಟಿ ಟಿಪ್ಪಿನ ಕಡೆಗೆ ಸುಟ್ಟುಕೊಂಡು ಬಂದರೆ ವೇಗ ಕಡಿಮೆ, ಇಲ್ಲ ವೋಲ್ಟ್ ಜಾಸ್ತಿ. ಟಿಪ್ಪಿನಿಂದ ವೈರ್ 8ರಿಂದ 10 ಮಿಲಿಮೀಟರ್ ಹೊರಗಿರಲಿ. ಅದೇ ಗಾಡಿಯಿಂದ ಕತ್ತರಿಸಿದ ತುಂಡಿನ ಮೇಲೆ ಮೊದಲು ಹೊಡೆದು ನೋಡಿ, ಆಮೇಲೆ ಗಾಡಿಗೆ ಹೋಗಿ. ಈ ಐದು ನಿಮಿಷವನ್ನು ಉಳಿಸಲು ಹೋಗಿ ಇಡೀ ದಿನ ಕಳೆದವರನ್ನು ನೋಡಿದ್ದೇನೆ.

ಗ್ಯಾಪು ತುಂಬುವ ಸರಿಯಾದ ರೀತಿ ಯಾವುದು?

ಮೊದಲು ಬಣ್ಣ, ತುಕ್ಕು, ಸೀಲರ್ ಎಲ್ಲ ತೆಗೆದು ಎರಡೂ ಬದಿ 20 ಮಿಲಿಮೀಟರ್ ಹೊಳೆಯುವ ಹಾಗೆ ತಿಕ್ಕಿ. ಕೈಗೆ ಸಿಕ್ಕಿದರೆ ಹಿಂಬದಿಯನ್ನೂ ತಿಕ್ಕಿ. ಅರ್ಥಿಂಗ್ ಕ್ಲಾಂಪ್ ಹತ್ತಿರದಲ್ಲೇ, ಬರಿ ಲೋಹಕ್ಕೆ ಕಚ್ಚಿಸಿ. ಗಾಡಿ ಆದರೆ ಬ್ಯಾಟರಿಯ ನೆಗೆಟಿವ್ ಕಳಚಿಡಿ.

ಈಗ ಟ್ರಿಗರ್. ಗ್ಯಾಪಿನ ನಡುವೆ ಗುರಿ ಇಡಬೇಡಿ. ಅಲ್ಲಿ ಹಿಡಿಯಲು ಲೋಹವೇ ಇಲ್ಲ. ಎಡಗಡೆ ಅಂಚಿನಿಂದ ಒಂದೆರಡು ಮಿಲಿಮೀಟರ್ ಒಳಗೆ ವೈರ್ ಇಟ್ಟು ಅರ್ಧ ಸೆಕೆಂಡ್ ಒತ್ತಿ, ಬಿಡಿ. ಒಂದು ಚುಕ್ಕಿ ಆಯಿತು. ಕಾಯಿರಿ. ಹೆಲ್ಮೆಟ್ಟಿನ ಗಾಜಿನಲ್ಲಿ ಆ ಚುಕ್ಕಿ ಬೆಳ್ಳಗಿದ್ದದ್ದು ಹಳದಿ, ಆಮೇಲೆ ಕೆಂಪು, ಆಮೇಲೆ ಮಂಕಾಗಿ ಕಾಣದಂತಾಗುತ್ತದೆ. ಕೆಂಪು ಆರಿದ ಗಳಿಗೆಗೆ ಮುಂದಿನ ಚುಕ್ಕಿ, ಹಿಂದಿನದರ ಮೇಲೆ ಅರ್ಧ ಕೂರುವ ಹಾಗೆ, ಗ್ಯಾಪಿನ ಕಡೆಗೆ ಸ್ವಲ್ಪ ಚಾಚಿ. ಹೀಗೆ ಎಡ ಅಂಚನ್ನು ಬೆಳೆಸಿ. ಬಲ ಅಂಚನ್ನೂ ಹಾಗೇ ಬೆಳೆಸಿ. ಎರಡರ ನಡುವೆ ಒಂದು ವೈರ್ ದಪ್ಪದಷ್ಟು ಜಾಗ ಉಳಿದಾಗ ಮೇಲಿಂದ ಒಂದು ಚುಕ್ಕಿ ಹಾಕಿದರೆ ಎರಡನ್ನೂ ಹಿಡಿದು ಸೇತುವೆ ಕಟ್ಟಿಕೊಳ್ಳುತ್ತದೆ.

ಹಳೆಯ ಚುಕ್ಕಿ ಪೂರ್ತಿ ತಣ್ಣಗಾದ ಮೇಲೆ ಹೊಸದು ಹಾಕಿದರೆ ಸರಿಯಾಗಿ ಬೆರೆಯದೆ ಮೇಲೆ ಗಂಟಿನ ಹಾಗೆ ಕೂರುತ್ತದೆ. ಕೆಂಪಿರುವಾಗಲೇ ಹಾಕಿದರೆ ಎರಡೂ ಸೇರಿ ಕೆಳಗೆ ಬೀಳುತ್ತವೆ. ಕೆಂಪು ಆರಿದ ಆ ಒಂದು ಕ್ಷಣವನ್ನು ಹಿಡಿಯುವುದೇ ಈ ಕೆಲಸದ ಅರ್ಧ ವಿದ್ಯೆ. ಕೆಲವು ಮಿಷನ್ನಿನಲ್ಲಿ ಇಟ್ಟಷ್ಟೇ ಹೊತ್ತು ಕಿಡಿ ಕೊಟ್ಟು ತಾನಾಗಿ ನಿಲ್ಲುವ ಸ್ಪಾಟ್ ಟೈಮರ್ ಇರುತ್ತದೆ, ಹೊಸಬರಿಗೆ ಅದರಿಂದ ನಿಜಕ್ಕೂ ಅನುಕೂಲ.

ಒಂದು ಕಡೆ ದಪ್ಪ ಶೀಟು, ಇನ್ನೊಂದು ಕಡೆ ತೆಳು ಇದ್ದರೆ ಕಿಡಿಯನ್ನು ದಪ್ಪದ ಮೇಲೆ ಹಿಡಿದು, ಕರಗಿದ್ದು ತೆಳುವಿನ ಕಡೆಗೆ ತಾನಾಗಿ ಹರಿಯಲು ಬಿಡಿ.

ಹಿಂದೆ ತಾಮ್ರ ಇಡುವುದು ಯಾಕೆ? ಕಬ್ಬಿಣದ ಪಟ್ಟಿ ಸಾಲದೇ?

ಕಬ್ಬಿಣದ ಪಟ್ಟಿ ಇಟ್ಟರೆ ಅದೂ ವೆಲ್ಡ್ ಆಗಿ ಅಂಟಿಕೊಳ್ಳುತ್ತದೆ. ತಾಮ್ರಕ್ಕೆ ಅಂಟುವುದಿಲ್ಲ. ತಾಮ್ರ ಕರಗುವುದು 1085 ಡಿಗ್ರಿಗೆ, ಕಬ್ಬಿಣಕ್ಕಿಂತ ಬೇಗನೇ. ಹಾಗಿದ್ದರೂ ಅದು ಕರಗದೆ ಉಳಿಯುವುದು ಕಾವನ್ನು ಸಾಮಾನ್ಯ ಉಕ್ಕಿಗಿಂತ ಏಳೆಂಟು ಪಟ್ಟು ವೇಗವಾಗಿ ಎಳೆದುಕೊಂಡು ಹರಡಿಬಿಡುವುದರಿಂದ. ತಗಡಿನ ಕಾವೂ ಇಳಿಯುತ್ತದೆ, ಕರಗಿದ ಲೋಹಕ್ಕೆ ಕೆಳಗಿನಿಂದ ಆಸರೆಯೂ ಸಿಗುತ್ತದೆ.

ಇದಕ್ಕೆ ಖರ್ಚು ಮಾಡಬೇಕಾಗಿಲ್ಲ. ಫ್ರಿಜ್, ಎಸಿ ರಿಪೇರಿಯವರ ಹತ್ತಿರ ಹಳೆ ತಾಮ್ರದ ಪೈಪಿನ ತುಂಡು ಸಿಗುತ್ತದೆ. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಮೂರು ನಾಲ್ಕು ಪದರ ಮಡಚಿದರೆ ಪಟ್ಟಿ ತಯಾರು. ಗುಜರಿಯಲ್ಲಿ ಮೋಟರಿನ ದಪ್ಪ ತಾಮ್ರದ ಪಟ್ಟಿ ಸಿಕ್ಕಿದರೆ ಇನ್ನೂ ಒಳ್ಳೆಯದು. ತಗಡಿನ ಹಿಂಬದಿಗೆ ಒತ್ತಿ ಕೂರಬೇಕು. ನಡುವೆ ಗಾಳಿ ಉಳಿದರೆ ಬೆಸುಗೆ ಅಲ್ಲಿ ಜೋತು ಬೀಳುತ್ತದೆ. ತಾಮ್ರವನ್ನು ಮ್ಯಾಗ್ನೆಟ್ ಹಿಡಿಯುವುದಿಲ್ಲ, ಆದ್ದರಿಂದ ಲಾಕಿಂಗ್ ಪ್ಲೈಯರ್ ಅಥವಾ ಒತ್ತಿ ನಿಲ್ಲಿಸಲು ಮರದ ತುಂಡು ಬೇಕು. ಕಿಡಿಯನ್ನು ನೇರ ತಾಮ್ರದ ಮೇಲೆ ಹಿಡಿದು ನಿಲ್ಲಿಸಬೇಡಿ. ತಾಮ್ರ ಕರಗಿ ಬೆಸುಗೆಯೊಳಗೆ ಸೇರಿದರೆ ಅಲ್ಲಿ ಬಿರುಕು ಬಿಡುತ್ತದೆ.

ಗ್ಯಾಪು ಬೆರಳಷ್ಟಿದೆ. ವೈರಿನಿಂದಲೇ ತುಂಬಿ ಪುಟ್ಟಿ ಹಾಕಿದರೆ ಆಗದೇ?

ಆಗುತ್ತದೆ, ನಾನೇ ಮಾಡಿದ್ದೇನೆ. ಏನಾಯಿತು ಅಂತ ಹೇಳುತ್ತೇನೆ.

ನಾನು ಸ್ವಂತ ಕೆಲಸ ಶುರು ಮಾಡಿದ ಎರಡನೇ ವರ್ಷ. ಬೈತಖೋಲ್ ಬಂದರಿನಿಂದ ಮೀನು ತುಂಬಿಕೊಂಡು ಘಟ್ಟದ ಮೇಲೆ ಹೋಗುವ ಟೆಂಪೋ ಬಂತು. ಐಸಿನ ಉಪ್ಪು ನೀರು ಸೋರಿ ಸೋರಿ ಕ್ಯಾಬಿನ್ನಿನ ತಳದ ಜೋಡಣೆ ಬೆರಳಗಲ ಬಾಯಿ ಬಿಟ್ಟಿತ್ತು. ಗಾಡಿಯವರಿಗೆ ಮರುದಿನ ಬೆಳಿಗ್ಗೆ ಗಾಡಿ ಬೇಕಿತ್ತು. ನಾನು ಮಧ್ಯಾಹ್ನದಿಂದ ಸಂಜೆವರೆಗೆ ವೈರ್ ಮೇಲೆ ವೈರ್ ಸುರಿದು ತುಂಬಿದೆ, ಗ್ರೈಂಡ್ ಮಾಡಿದೆ, ಪುಟ್ಟಿ ಎಳೆದೆ, ಬಣ್ಣ ಹೊಡೆದೆ. ನೋಡಲು ಚೆನ್ನಾಗಿಯೇ ಇತ್ತು.

ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ಅವರು ತಿರುಗಿ ಬಂದರು. ಬೈಯಲಿಲ್ಲ. "ಮಾರಾಯ್ರೆ, ಇಲ್ಲಿ ಬೆರಳು ಹಾಕಿ ನೋಡಿ" ಅಂದರು ಅಷ್ಟೇ. ಹಾಕಿದೆ. ನಾನು ಹಾಕಿದ ಬೆಸುಗೆ ಮುರಿದಿರಲಿಲ್ಲ, ಹಗ್ಗದ ಹಾಗೆ ಉದ್ದಕ್ಕೆ ಹಾಗೇ ಇತ್ತು. ಅದರ ಎರಡೂ ಪಕ್ಕದ ತಗಡು ಮಾತ್ರ ಹಪ್ಪಳದ ಹಾಗೆ ಪುಡಿಯಾಗಿ ಬೆರಳು ಆಚೆ ಹೋಯಿತು. ಮೊದಲೇ ಸವೆದ ತಗಡಿಗೆ ನಾನು ಅರ್ಧ ದಿನ ಕಾವು ಕೊಟ್ಟಿದ್ದೆ. ಹಿಂಬದಿಯ ಬಣ್ಣವೆಲ್ಲ ಸುಟ್ಟು ಹೋಗಿತ್ತು. ಅಲ್ಲಿಗೆ ಮತ್ತೇನೂ ಹಚ್ಚಿರಲಿಲ್ಲ. ಉಪ್ಪು ನೀರಿಗೆ ದಾರಿ ಮಾಡಿಕೊಟ್ಟವನು ನಾನೇ.

ಆ ಸಲ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸುತ್ತಾ ಹೋದೆ. ಬೆರಳಗಲದ ಗ್ಯಾಪು ಒಂದು ಗೇಣಿನಷ್ಟಾಯಿತು. 18 ಗೇಜಿನ ಹೊಸ ಶೀಟಿನ ತುಂಡು ಅಳತೆಗೆ ಕೂರಿಸಿದೆ, ದುಡ್ಡು ತಗೊಳ್ಳಲಿಲ್ಲ. ಹೊಸ ತುಂಡು ಕೂರಿಸುವ ಕೆಲಸ ವೈರ್ ಸುರಿದು ತುಂಬಿದ್ದಕ್ಕಿಂತ ಬೇಗ ಮುಗಿಯಿತು. ಅಂದಿನಿಂದ ದೊಡ್ಡ ಗ್ಯಾಪು ಕಂಡರೆ ನನ್ನ ಕೈ ಮೊದಲು ಹೋಗುವುದು ಕತ್ತರಿಗೆ.

ಪಟ್ಟಿ ಕೂರಿಸುವಾಗ ಅಳತೆ ಹೇಗೆ?

ರಟ್ಟಿನಲ್ಲಿ ಮೊದಲು ಆಕಾರ ತೆಗೆಯಿರಿ. ತಗಡು ಅದೇ ದಪ್ಪದ್ದಿರಲಿ. ಸುತ್ತಲೂ ಅರ್ಧದಿಂದ ಒಂದು ಮಿಲಿಮೀಟರ್ ಬಿಡುವು. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ, ಚೂಪು ಮೂಲೆ ಬೇಗ ಸುಡುತ್ತದೆ. ಹ್ಯಾಕ್ಸಾ ಬ್ಲೇಡಿನ ತುಂಡನ್ನು ನಡುವೆ ಸಿಕ್ಕಿಸಿ ಟ್ಯಾಕ್ (ಅಲುಗದಂತೆ ಹಿಡಿದಿಡುವ ಚುಕ್ಕಿ ಬೆಸುಗೆ) ಹಾಕಿದರೆ ಬಿಡುವು ಎಲ್ಲ ಕಡೆ ಒಂದೇ ಇರುತ್ತದೆ.

ಒಂದರ ಮೇಲೊಂದು ಹೊದಿಸಿ ವೆಲ್ಡ್ ಮಾಡುವುದು ಸುಲಭ, ತೂತೂ ಬೀಳುವುದಿಲ್ಲ. ಆದರೆ ಎರಡು ಪದರದ ನಡುವೆ ನೀರು ಕೂರುತ್ತದೆ. ನಮ್ಮ ಊರಲ್ಲಿ ಅದು ತುಕ್ಕಿಗೆ ಮನೆ ಕಟ್ಟಿಕೊಟ್ಟ ಹಾಗೆ. ಹೊದಿಸಲೇ ಬೇಕಾದರೆ ನಡುವೆ ಸತುವಿನ ಪ್ರೈಮರ್ ಹಚ್ಚಿ, ಆಮೇಲೆ ಅಂಚಿಗೆ ಸೀಮ್ ಸೀಲರ್ ಎಳೆಯಿರಿ.

0.6 ವೈರೋ, 0.8 ವೈರೋ?

20 ಗೇಜಿಗಿಂತ ತೆಳುವಾದರೆ 0.6 ಒಳ್ಳೆಯದು, ಕಡಿಮೆ ಕಾವಿನಲ್ಲೂ ನಿಲ್ಲುತ್ತದೆ. ಆದರೆ ವೈರ್ ತಳ್ಳುವ ರೋಲರಿನ ತೋಡೂ ಟಿಪ್ಪೂ 0.6ರದ್ದೇ ಬೇಕು. ಇಲ್ಲಿ 0.8 ಸುಲಭವಾಗಿ ಸಿಗುತ್ತದೆ, ಅದರಿಂದಲೂ ಕೆಲಸ ಆಗುತ್ತದೆ. 1.2 ವೈರ್ ಈ ಕೆಲಸಕ್ಕೆ ಬೇಡವೇ ಬೇಡ. ಇಆರ್70ಎಸ್-6 ಅಂತ ಬರೆದದ್ದು ತಗೊಳ್ಳಿ. ಅದರಲ್ಲಿ ಸಿಲಿಕಾನ್, ಮ್ಯಾಂಗನೀಸ್ ಸ್ವಲ್ಪ ಹೆಚ್ಚಿರುವುದರಿಂದ ಅಲ್ಪಸ್ವಲ್ಪ ತುಕ್ಕು ಉಳಿದಿದ್ದರೂ ತಡೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ರೋಲನ್ನು ಮಿಷನ್ನಿನಲ್ಲೇ ಬಿಟ್ಟು ಮನೆಗೆ ಹೋಗಬೇಡಿ. ನಾಲ್ಕು ದಿನದಲ್ಲಿ ವೈರಿನ ಮೇಲೆ ಕಂದು ಚುಕ್ಕಿ ಏಳುತ್ತದೆ, ಟಾರ್ಚಿಗೆ ವೈರ್ ಹೋಗುವ ನಳಿಗೆಯಾದ ಲೈನರಿನಲ್ಲಿ ಸಿಕ್ಕಿಕೊಂಡು ಬಿಟ್ಟು ಬಿಟ್ಟು ಬರುತ್ತದೆ. ನಾನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಬರಿ ಸಿಓಟು ಗ್ಯಾಸ್ ಸಾಕೋ, ಮಿಕ್ಸ್ ಬೇಕೋ?

ಆರ್ಗಾನ್ ಶೇಕಡಾ 80, ಸಿಓಟು (ಕಾರ್ಬನ್ ಡೈಆಕ್ಸೈಡ್) ಶೇಕಡಾ 20 ಇರುವ ಮಿಕ್ಸಿನಲ್ಲಿ ಕಿಡಿ ಮೆತ್ತಗೆ, ಸಿಡಿತ ಕಡಿಮೆ, ಗ್ಯಾಪು ತುಂಬಲು ಹಿತ. ಬರಿ ಸಿಓಟು ಅಗ್ಗ, ಆದರೆ ಹೆಚ್ಚು ಆಳಕ್ಕೆ ಇಳಿಯುತ್ತದೆ, ಸಿಡಿತವೂ ಜಾಸ್ತಿ. ತೆಳು ತಗಡಿನ ಕೆಲಸವೇ ಹೆಚ್ಚು ಇದ್ದರೆ ಮಿಕ್ಸಿಗೆ ದುಡ್ಡು ಹಾಕಿ, ಗ್ರೈಂಡಿಂಗ್ ಡಿಸ್ಕಿನ ಖರ್ಚಿನಲ್ಲಿ ಸ್ವಲ್ಪ ವಾಪಸು ಬರುತ್ತದೆ. ನಿಮಿಷಕ್ಕೆ 8ರಿಂದ 12 ಲೀಟರ್ ಸಾಕು.

ಸಿಓಟು ಸಿಲಿಂಡರಿನೊಳಗೆ ದ್ರವವಾಗಿ ಇರುತ್ತದೆ. ಆ ದ್ರವ ಮುಗಿಯುವವರೆಗೆ ಗೇಜಿನ ಮುಳ್ಳು ಹೆಚ್ಚು ಕಡಿಮೆ ಒಂದೇ ಕಡೆ ನಿಂತಿರುತ್ತದೆ, ಆಮೇಲೆ ಸರ್ರನೆ ಇಳಿಯುತ್ತದೆ. ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ತೂಕ ನೋಡಬೇಕು. ಸಿಲಿಂಡರನ್ನು ಯಾವಾಗಲೂ ನೆಟ್ಟಗೆ, ಸರಪಳಿ ಕಟ್ಟಿ ನಿಲ್ಲಿಸಿ.

ಗ್ಯಾಸಿಲ್ಲದ ವೈರಿನಿಂದ ಆಗುತ್ತದೆಯೇ?

ಫ್ಲಕ್ಸ್ ತುಂಬಿದ ವೈರಿಗೆ ಕಾವು ಜಾಸ್ತಿ, ತೆಳು ತಗಡಿಗೆ ಕಷ್ಟ. ಬೇರೆ ದಾರಿಯಿಲ್ಲದೆ ಬಳಸುವುದಾದರೆ ಟಾರ್ಚಿನ ತಂತಿಯನ್ನು ನೆಗೆಟಿವ್‌ಗೆ ಬದಲಿಸಿಕೊಳ್ಳಿ. ಗ್ಯಾಸ್ ಇದ್ದಾಗ ಟಾರ್ಚ್ ಪಾಸಿಟಿವ್, ಇಲ್ಲದಾಗ ನೆಗೆಟಿವ್. ಇದನ್ನು ಬದಲಿಸದೆ ಮಿಷನ್ ಕೆಟ್ಟಿದೆ ಅಂತ ಹೊತ್ತುಕೊಂಡು ಬಂದವರು ತುಂಬಾ ಜನ.

ಬೆಸುಗೆಯಲ್ಲಿ ನೀರ್ದೋಸೆ ಹಾಗೆ ಸಣ್ಣ ಸಣ್ಣ ತೂತು ಬರುತ್ತಿದೆ.

ಗಾಳಿ. ಗಂಟೆಗೆ 8 ಕಿಲೋಮೀಟರ್ ವೇಗದ ಗಾಳಿ, ಅಂದರೆ ಮುಖಕ್ಕೆ ತಗುಲಿದ್ದು ಗೊತ್ತಾಗುವಷ್ಟು, ಗ್ಯಾಸನ್ನು ಹಾರಿಸಿಕೊಂಡು ಹೋಗುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದಲ್ಲ, ಆಗ ಸಮುದ್ರದ ಕಡೆಯ ಶಟರ್ ಇಳಿಸಿಯೋ ಪ್ಲೈವುಡ್ ಅಡ್ಡ ಇಟ್ಟೋ ಕೆಲಸ ಮಾಡಿ. ಗ್ಯಾಸ್ ಹೆಚ್ಚು ಬಿಟ್ಟರೆ ಸರಿಯಾಗುತ್ತದೆ ಅಂದುಕೊಳ್ಳಬೇಡಿ. ಮಿತಿ ಮೀರಿದರೆ ಅದು ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ. ಗಾಳಿ ಅಲ್ಲದಿದ್ದರೆ ಟಾರ್ಚಿನ ಬಾಯಿಯ ನಾಝಲ್ಲಿನಲ್ಲಿ ಸಿಡಿತ ಕಟ್ಟಿದೆಯೇ, ತಗಡಿನ ಮೇಲೆ ಎಣ್ಣೆ ಬಣ್ಣ ಉಳಿದಿದೆಯೇ ನೋಡಿ.

ಜಿಐ (ಸತು ಲೇಪಿಸಿದ) ಶೀಟಿಗೆ ಹಾಗೇ ಹೊಡೆಯಬಹುದೇ?

ಬೇಡ. ಜಿಐ ಮೇಲಿನ ಸತು 907 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ. ಕಬ್ಬಿಣ ಕರಗುವುದು 1500ರ ಸುಮಾರಿಗೆ. ಹಾಗಾಗಿ ನೀವು ಬೆಸೆಯುವ ಮೊದಲೇ ಬಿಳಿ ಹೊಗೆ ಏಳುತ್ತದೆ. ಒಮ್ಮೆ ಮಾಡಿನ ಅಂಚಿನ ಗಟರ್ ಒಂದನ್ನು ಮುಚ್ಚಿದ ಕೋಣೆಯಲ್ಲಿ ಬೆಸೆದು ಮನೆಗೆ ಹೋದೆ. ರಾತ್ರಿ ಬಾಯಲ್ಲಿ ಸಿಹಿ ಸಿಹಿ ಲೋಹದ ರುಚಿ, ಆಮೇಲೆ ಚಳಿ ಜ್ವರ. ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ. ಮರುದಿನ ಇಳಿಯಿತು. ಹಾಲು ಕುಡಿದರೆ ಏನೂ ಆಗುವುದಿಲ್ಲ ಅಂತ ಹೇಳುವವರಿದ್ದಾರೆ. ಹಾಲಿನಿಂದ ಹೊಗೆಗೆ ತಡೆಯಿಲ್ಲ. ಬೆಸೆಯುವ ಜಾಗದ ಸತುವನ್ನು ಎರಡೂ ಬದಿ ತಿಕ್ಕಿ ತೆಗೆಯಿರಿ, ಗಾಳಿಯಾಡುವ ಕಡೆ ಕೂತು ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿ. ಬಟ್ಟೆ ಕಟ್ಟಿಕೊಂಡರೆ ಸಾಲದು. ಉಸಿರು ಕಟ್ಟಿದರೆ ಡಾಕ್ಟರ ಹತ್ತಿರ ಹೋಗಿ.

ಶೀಟು ಅಲೆ ಅಲೆಯಾಗಿ ಬಾಗುತ್ತದೆ, ಯಾಕೆ?

ಒಂದೇ ಕಡೆಯಿಂದ ಗೆರೆ ಎಳೆದ ಹಾಗೆ ಓಡಿದ್ದೀರಿ. ಬೆಸುಗೆ ಆರುವಾಗ ಕುಗ್ಗುತ್ತದೆ, ತಗಡನ್ನೂ ಎಳೆಯುತ್ತದೆ. ಮೊದಲು 25ರಿಂದ 30 ಮಿಲಿಮೀಟರಿಗೊಂದು ಟ್ಯಾಕ್. ಆಮೇಲೆ ಇಲ್ಲೊಂದು ಚುಕ್ಕಿ, ಒಂದು ಗೇಣು ಆಚೆ ಒಂದು, ಮತ್ತೆ ಆ ತುದಿಯಲ್ಲಿ ಒಂದು. ಅಂಗೈ ಇಡಲು ಆಗದಷ್ಟು ಬಿಸಿಯಾದರೆ ನಿಲ್ಲಿಸಿ. ಒದ್ದೆ ಬಟ್ಟೆ ಒತ್ತಿ ತಣಿಸುವ ಅಭ್ಯಾಸ ಕೆಲವರಿಗಿದೆ. ನಾನು ಮಾಡುವುದಿಲ್ಲ. ಒದ್ದೆ ಕೈಯಲ್ಲಿ ಟಾರ್ಚ್ ಹಿಡಿಯುವುದು ಅಪಾಯ, ಜೋಡಣೆಯೊಳಗೆ ನೀರೂ ಉಳಿಯುತ್ತದೆ.

ನಿಂತ ತಗಡಿಗೆ ಮೇಲಿಂದ ಕೆಳಗೋ, ಕೆಳಗಿಂದ ಮೇಲೋ?

ತೆಳು ತಗಡಿಗೆ ಮೇಲಿಂದ ಕೆಳಗೆ. ಕಾವು ಒಂದೇ ಕಡೆ ನಿಲ್ಲುವುದಿಲ್ಲ. ಭಾರ ಹೊರುವ ದಪ್ಪ ಕಬ್ಬಿಣಕ್ಕೆ ಈ ರೀತಿ ಬೇಡ.

ಶಿರಸಿಯ ಒಳ ಊರಲ್ಲಿ ನಮ್ಮದು ಸಿಂಗಲ್ ಫೇಸ್. ಸಂಜೆ ಬೆಸುಗೆ ಹಿಡಿಯುವುದೇ ಇಲ್ಲ.

ಬೆಳಿಗ್ಗೆ ಹೊಂದಿಸಿದ ಸೆಟ್ಟಿಂಗ್ ಸಂಜೆ ನಡೆಯುವುದಿಲ್ಲ, ಲೈನಿನ ವೋಲ್ಟೇಜ್ ಇಳಿದಿರುತ್ತದೆ. ಮೀಟರ್ ಹಿಡಿದು ನೋಡಿ. ಜೊತೆಗೆ ತೋಟದ ಮನೆಯಲ್ಲಿ ಉದ್ದದ ಸಣ್ಣ ಎಕ್ಸ್‌ಟೆನ್ಷನ್ ವೈರ್ ಎಳೆದಿದ್ದರೆ ಅದರಲ್ಲೂ ಸ್ವಲ್ಪ ಹೋಗುತ್ತದೆ. 4 ಸ್ಕ್ವೇರ್ ಎಂಎಂ ಕೇಬಲ್ ಹಾಕಿ, ಸುರುಳಿ ಬಿಚ್ಚಿ ಬಳಸಿ. ತೆಳು ತಗಡಿನ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ.

ಪೆಟ್ರೋಲ್ ಟ್ಯಾಂಕಿನ ಸಣ್ಣ ಸೀಳು ಇದೆ, ಮುಚ್ಚಿ ಕೊಡುತ್ತೀರಾ?

ಇಲ್ಲ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿಯೇ ಸಿಡಿಯುವುದು. ಯಾರು ಕೇಳಿದರೂ ಇದಕ್ಕೆ ನನ್ನ ಉತ್ತರ ಒಂದೇ.

ವೆಲ್ಡಿಂಗ್ ಆದ ಮೇಲೆ ಎಷ್ಟು ತಿಕ್ಕಬೇಕು, ಏನು ಹಚ್ಚಬೇಕು?

80 ನಂಬರಿನ ಫ್ಲ್ಯಾಪ್ ಡಿಸ್ಕ್ ಸಾಕು. ಉಬ್ಬಿದ್ದನ್ನು ಮಾತ್ರ ತೆಗೆಯಿರಿ, ಪಕ್ಕದ ತಗಡನ್ನು ಮುಟ್ಟಬೇಡಿ. ಒಂದೇ ಕಡೆ ಹಿಡಿದು ತಗಡು ನೀಲಿಯಾದರೆ ಅಷ್ಟು ತೆಳ್ಳಗಾಯಿತು, ಬಾಗಿತು ಅಂತ ಅರ್ಥ. ತಿಕ್ಕಿದ ಮೇಲೆ ಒಳಗೆ ಬಲ್ಬ್ ಹಿಡಿದು ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ಮತ್ತೊಂದು ಚುಕ್ಕಿ ಹಾಕಿ. ಬೆಳಕು ಬರುವ ಕಡೆ ಉಪ್ಪು ನೀರೂ ಬರುತ್ತದೆ.

ಅದೇ ದಿನ ಪ್ರೈಮರ್ ಹಚ್ಚಿ. ಇಲ್ಲಿಯ ಗಾಳಿಗೆ ಬರಿ ಲೋಹ ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ. ಹಿಂಬದಿಯನ್ನು ಮರೆಯಬೇಡಿ: ಎಪಾಕ್ಸಿ ಪ್ರೈಮರ್, ಸೀಲರ್, ಕೈ ಹೋಗದ ಟೊಳ್ಳಿನೊಳಗೆ ಉದ್ದ ನಳಿಗೆಯಿಂದ ಮೇಣದ ಸ್ಪ್ರೇ. ನೀರು ಹೊರಹೋಗುವ ತೂತುಗಳನ್ನು ಬೆಸುಗೆಯಿಂದ ಮುಚ್ಚಿಬಿಟ್ಟಿದ್ದರೆ ಮತ್ತೆ ಕೊರೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವಾಗ ಬೋಟಿನ ಕೆಲಸ ಒಟ್ಟಿಗೇ ಬಂದು ಬೀಳುತ್ತದೆ. ಸುರಿಯುವ ಮಳೆಯಲ್ಲಿ ಪ್ರೈಮರ್ ಒಣಗುವುದಿಲ್ಲ ಅಂತ ಹಾಗೇ ಬಿಡುವವರಿದ್ದಾರೆ. ಹ್ಯಾಲೋಜನ್ ದೀಪ ಹಿಡಿದು ತಗಡನ್ನು ಬೆಚ್ಚಗೆ ಮಾಡಿ, ತೇವ ಹೋಗಿಸಿ ಹಚ್ಚಿ.

ಕಲಿಯಲು ಎಲ್ಲಿಂದ ಶುರು ಮಾಡಲಿ?

ಗುಜರಿಯಿಂದ ಹಳೆ ಕಪಾಟಿನ ಬಾಗಿಲು ತನ್ನಿ. ಗೇಣುದ್ದದ ಎರಡು ತುಂಡು ಕತ್ತರಿಸಿ, ಪಕ್ಕಪಕ್ಕ ಇಡಿ. ಒಂದು ತುದಿಯಲ್ಲಿ ಗ್ಯಾಪು ಇಲ್ಲದ ಹಾಗೆ, ಇನ್ನೊಂದು ತುದಿಯಲ್ಲಿ 3 ಮಿಲಿಮೀಟರ್ ಇರುವ ಹಾಗೆ ಓರೆಯಾಗಿ ಟ್ಯಾಕ್ ಹಾಕಿ. ಕಿರಿದಾದ ಕಡೆಯಿಂದ ಚುಕ್ಕಿ ಹಾಕುತ್ತಾ ಹೋಗಿ. ಎಲ್ಲಿ ಕೈ ಸೋಲುತ್ತದೆಯೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆದು ಗ್ಯಾಪು ಅಳೆದು ಬರೆದಿಡಿ. ಆಮೇಲೆ ತುಂಡನ್ನು ವೈಸಿನಲ್ಲಿ ಕಚ್ಚಿಸಿ, ಬೆಸುಗೆಯ ಮೇಲೆ ಮಡಚಿ, ಹಿಂಬದಿ ನೋಡಿ. ಹಿಂದೆ ಸಣ್ಣಗೆ ಒಂದೇ ಸಮನೆ ಉಬ್ಬು ಕಂಡರೆ ಸರಿ ಇಳಿದಿದೆ. ಎರಡು ತಗಡಿನ ಗೆರೆ ಹಾಗೇ ಉಳಿದಿದ್ದರೆ ಮೇಲೆ ಮಾತ್ರ ಅಂಟಿದೆ, ಅರ್ಧ ವೋಲ್ಟ್ ಏರಿಸಿ ಇನ್ನೊಂದು ಜೋಡಿ ಕತ್ತರಿಸಿ.